ಗಿರಣಗಾಂವದ ಬೀದಿಗಳು: ಚಳವಳಿಗಳ ಜಾಡಿನಲ್ಲಿ ಒಂದು ಕಾಲ್ನಡಿಗೆ

ಸಾಮಾಜಿಕ ಚಳವಳಿಗಳ ಇತಿಹಾಸವನ್ನು ನಮ್ಮ ಪಠ್ಯಗ್ರಂಥಗಳು ಅಧ್ಯಾಯಗಳಾಗಿ ವಿಂಗಡಿಸಿ ಕೊಡುತ್ತವೆ. ಕಾರ್ಮಿಕರ ಹೋರಾಟಕ್ಕೆ ಒಂದು ಅಧ್ಯಾಯ, ಅಸ್ಪೃಶ್ಯತೆಯ ವಿರುದ್ಧ ನಡೆದ ಹೋರಾಟಕ್ಕೆ ಇನ್ನೊಂದು, ಭಾಷಾವಾರು ಪ್ರಾಂತರಚನೆಗೆ ಮತ್ತೊಂದು. ಪುಟಗಳು ಉಳಿದಿದ್ದರೆ ಕೊನೆಯಲ್ಲಿ ಸ್ತ್ರೀಯರ ಸಂಘಟನೆಗೂ ಒಂದೆರಡು. ಅಭ್ಯಾಸದ ಅನುಕೂಲಕ್ಕಾಗಿ ಮಾಡಿದ ಈ ವಿಂಗಡಣೆಯನ್ನು ವಿದ್ಯಾರ್ಥಿಗಳು ಕ್ರಮೇಣ ವಸ್ತುಸ್ಥಿತಿಯೆಂದೇ ನಂಬಿಬಿಡುತ್ತಾರೆ. ಈ ನಂಬಿಕೆಯನ್ನು ಸಡಿಲಿಸಲು ಮುಂಬಯಿಯ ಗಿರಣಗಾಂವದಲ್ಲಿ ಅರ್ಧ ದಿನ ನಡೆದಾಡುವುದಕ್ಕಿಂತ ಒಳ್ಳೆಯ ಉಪಾಯವನ್ನು ನಾವು ಕಾಣೆವು. ಲಾಲಬಾಗದಿಂದ ದಾದರದ ಸಮುದ್ರತೀರದವರೆಗೆ ನೇರವಾದ ದಾರಿ ನಾಲ್ಕೈದು ಕಿಲೋಮೀಟರು ಮಾತ್ರ. ಗ್ರಂಥಗಳಲ್ಲಿ ದೂರ ದೂರ ನಿಂತಿರುವ ಚಳವಳಿಗಳು ಆ ದಾರಿಯ ಎಡಬಲಗಳಲ್ಲಿ ನೆರೆಹೊರೆಯವರಾಗಿ ಬಾಳಿವೆ. ಒಂದೇ ಸಭಾಗೃಹವನ್ನು, ಒಂದೇ ಮೈದಾನವನ್ನು, ಎಷ್ಟೋ ವೇಳೆ ಒಬ್ಬನೇ ಮನುಷ್ಯನನ್ನು ತಮ್ಮತಮ್ಮಲ್ಲಿ ಹಂಚಿಕೊಂಡಿವೆ. ನೆರೆಹೊರೆಯವರಂತೆಯೇ ಜಗಳವನ್ನೂ ಆಡಿವೆ.

ಗಿರಣಗಾಂವ ಎಂಬ ಹೆಸರು ಯಾವ ಸರಕಾರಿ ನಕಾಶೆಯಲ್ಲಿಯೂ ಸಿಕ್ಕದು. ಗಿರಣಿಯೆಂದರೆ ಬಟ್ಟೆಯ ಕಾರಖಾನೆ. ಹುಬ್ಬಳ್ಳಿ, ಗೋಕಾಕಗಳ ಕಡೆಯ ಓದುಗರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾವಸಜಿ ದಾವರರು 1854ರಲ್ಲಿ ಕಂಪನಿಯನ್ನು ಸ್ಥಾಪಿಸಿ, 1856ರಲ್ಲಿ ತಾರದೇವದಲ್ಲಿ ಮುಂಬಯಿಯ ಮೊದಲ ಹತ್ತಿಯ ಗಿರಣಿಯನ್ನು ನಡೆಸತೊಡಗಿದರು. ಆ ಬಳಿಕ ಭಾಯಖಳಾ, ಚಿಂಚಪೋಕಳಿ, ಲಾಲಬಾಗ, ಪರೆಳ, ವರಳಿ, ನಾಯಗಾಂವ, ಪ್ರಭಾದೇವಿ ಎಂದು ಗಿರಣಿಗಳು ಉತ್ತರಕ್ಕೆ ಹಬ್ಬುತ್ತ ಹೋದುವು. ರತ್ನಾಗಿರಿಯ ಕಡೆಯ ಕೊಂಕಣದಿಂದಲೂ ಸಾತಾರೆಯ ಕಡೆಯ ಘಟ್ಟದಿಂದಲೂ ಬಂದ ಜನರು ಅವುಗಳ ಸುತ್ತ ನೆಲೆನಿಂತರು. ಕಾರ್ಮಿಕನ ರಾಜಕೀಯವು ಯಂತ್ರದ ಮುಂದೆ ಮಾತ್ರವೇ ಅಲ್ಲ, ಅವನ ಕೇರಿಯಲ್ಲಿ, ಅಂಗಡಿಯ ಸಾಲದಲ್ಲಿ, ಊರಿನವರ ಸಂಬಂಧದಲ್ಲಿ ರೂಪುಗೊಂಡಿತೆಂಬುದನ್ನು ಇತಿಹಾಸಕಾರ ರಾಜನಾರಾಯಣ ಚಂದಾವರಕರರು 1994ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಿಸ್ತಾರವಾಗಿ ಪ್ರತಿಪಾದಿಸಿದ್ದಾರೆ. ನಡೆಯುವವನಿಗೆ ಆ ಪ್ರತಿಪಾದನೆಯ ಅರ್ಧ ಭಾಗವಾದರೂ ಕಣ್ಣಿಗೇ ಗೋಚರಿಸುತ್ತದೆ.

ಮೊದಲ ಹೆಜ್ಜೆಯನ್ನು ಲಾಲಬಾಗದಲ್ಲಿ ಇಡುವುದು ಲೇಸು. ಹೆದ್ದಾರಿಯ ಮೇಲೆ ಈಗ ಮೇಲ್ಸೇತುವೆಯೊಂದು ಹಾಸಿಕೊಂಡಿರುವುದರಿಂದ ವಾಹನದಲ್ಲಿ ಹೋಗುವವರಿಗೆ ಲಾಲಬಾಗ ಕಾಣುವುದೇ ಇಲ್ಲ. ಕಾಲ್ನಡಿಗೆಯವರಿಗೆ ಮಾತ್ರ ಕಾಣುತ್ತದೆ. ಇಲ್ಲಿ ಮೊದಲು ನೋಡಬೇಕಾದುದು ಯಾವ ಸ್ಮಾರಕವನ್ನೂ ಅಲ್ಲ, ಚಾಳನ್ನು. ಮೂರು ನಾಲ್ಕು ಅಂತಸ್ತಿನ ಉದ್ದನೆಯ ಕಟ್ಟಡ, ಅಂತಸ್ತಿಗೊಂದು ಪಡಸಾಲೆ, ಪಡಸಾಲೆಗೆ ತೆರೆದ ಒಂಟಿ ಕೋಣೆಗಳ ಸಾಲು, ತುದಿಯಲ್ಲಿ ಎಲ್ಲರಿಗೂ ಸೇರಿದ ಶೌಚಾಲಯ. ಒಂದು ಕೋಣೆಯನ್ನು ಹಲವರು ಸೇರಿ ಬಾಡಿಗೆಗೆ ಹಿಡಿದು, ಹಗಲು ಪಾಳಿಯವರು ಎದ್ದುಹೋದ ಚಾಪೆಯಲ್ಲಿ ರಾತ್ರಿ ಪಾಳಿಯವರು ಮಲಗುತ್ತಿದ್ದುದುಂಟು. ಇಂಥ ಮನೆಯಲ್ಲಿ ಖಾಸಗಿ ಎನ್ನಬಹುದಾದ ಬದುಕು ಬಹಳ ಕಡಿಮೆ. ಪಡಸಾಲೆಯೇ ಅಂಗಳ, ವಾಚನಾಲಯ, ಪಂಚಾಯಿತಿ ಕಟ್ಟೆ. ಒಬ್ಬನು ವರ್ತಮಾನಪತ್ರವನ್ನು ಗಟ್ಟಿಯಾಗಿ ಓದಿದರೆ ಇಡೀ ಅಂತಸ್ತು ಕೇಳುತ್ತಿತ್ತು. 1908ರ ಜುಲೈ 22ರಂದು ಲೋಕಮಾನ್ಯ ತಿಲಕರಿಗೆ ಆರು ವರ್ಷಗಳ ಶಿಕ್ಷೆಯಾದಾಗ ಗಿರಣಿ ಕೆಲಸಗಾರರು, ವರ್ಷಕ್ಕೊಂದು ದಿನದಂತೆ, ಆರು ದಿನ ಹರತಾಳ ನಡೆಸಿದರು. ಗಿರಣಿಯವರಿಗೆ ಆಗ ಗಟ್ಟಿಯಾದ ಸಂಘವೊಂದೂ ಇರಲಿಲ್ಲ. ಸಂಘವಿಲ್ಲದೆ ಅಷ್ಟು ಜನ ಒಟ್ಟಾದುದು ಹೇಗೆಂದು ಕೇಳುವವರಿಗೆ ಈ ಪಡಸಾಲೆಗಳು ಸ್ವಲ್ಪಮಟ್ಟಿಗೆ ಉತ್ತರ ಹೇಳುತ್ತವೆ.

ಲಾಲಬಾಗದ ಪ್ರಸಿದ್ಧ ಗಣಪತಿಯನ್ನು ಕುರಿತು ಒಂದು ಮಾತು. ಈಗ ಲಕ್ಷಗಟ್ಟಲೆ ಜನ ಸಾಲುಗಟ್ಟಿ ನಿಲ್ಲುವ ಈ ಉತ್ಸವ 1934ರಲ್ಲಿ ಆರಂಭವಾದದ್ದು ಒಂದು ಮಾರುಕಟ್ಟೆಯ ಹರಕೆಯಿಂದ. ಪೇರು ಚಾಳಿನ ಬಳಿಯ ಸಂತೆಯ ಜಾಗ 1932ರಲ್ಲಿ ಮುಚ್ಚಿಹೋಗಿ, ಬೀದಿಯಲ್ಲಿ ಕುಳಿತು ಮಾರಬೇಕಾದ ಮೀನುಗಾರರೂ ಸಣ್ಣ ವ್ಯಾಪಾರಿಗಳೂ ಶಾಶ್ವತ ಸ್ಥಳಕ್ಕಾಗಿ ಹರಕೆ ಹೊತ್ತರು. ಜಾಗ ದೊರೆತ ಮೇಲೆ ಗಣಪತಿಯನ್ನು ಕೂರಿಸಿದರು. ಇದನ್ನು ಚಳವಳಿಯೆನ್ನಬೇಕೋ ಭಕ್ತಿಯೆನ್ನಬೇಕೋ ಎಂಬ ಚರ್ಚೆಯನ್ನು ತರಗತಿಗೆ ಬಿಡಬಹುದು. ಜಾಗವನ್ನು ಪಡೆದವರಿಗೆ ಆ ಭೇದ ಕಾಡಿದಂತೆ ತೋರುವುದಿಲ್ಲ.

ಚಾಳುಗಳ ನಡುವೆಯೇ ಖಾನಾವಳಿಗಳಿದ್ದುವು. ಹೆಂಡತಿ ಮಕ್ಕಳನ್ನು ಊರಿನಲ್ಲಿ ಬಿಟ್ಟು ಬಂದ ಗಂಡಸರಿಗೆ ತಿಂಗಳ ಲೆಕ್ಕದಲ್ಲಿ ಅನ್ನ ಬೇಯಿಸಿ ಹಾಕುತ್ತಿದ್ದವರು ಅದೇ ಕೇರಿಯ ಹೆಂಗಸರು. 1920ರ ದಶಕದಲ್ಲಿ ಗಿರಣಿ ಕೆಲಸಗಾರರಲ್ಲಿ ಸುಮಾರು ಐದನೆಯ ಒಂದು ಪಾಲು ಸ್ತ್ರೀಯರಿದ್ದರು. ಮುಂದಿನ ದಶಕಗಳಲ್ಲಿ ಅವರ ಸಂಖ್ಯೆ ಇಳಿಯುತ್ತ ಬಂದಂತೆ, ಗಿರಣಿಯಿಂದ ಹೊರಬಿದ್ದ ಎಷ್ಟೋ ಮಂದಿಗೆ ಒಲೆಯೇ ಉದ್ಯೋಗವಾಯಿತು. ಮುಷ್ಕರ ಬಂದರೆ ಉಂಡವರಿಂದ ಹಣ ಬರುವುದಿಲ್ಲ, ದಿನಸಿಯ ಅಂಗಡಿಯವನು ಕಾಯುವುದಿಲ್ಲ. ನಡುವೆ ನಿಂತು ಬಡ್ಡಿ ತೆರುವವಳು ಖಾನಾವಳಿಯವಳು. ಕಾರ್ಮಿಕ ಚಳವಳಿಯ ಲೆಕ್ಕಪತ್ರಗಳಲ್ಲಿ ಈ ಸಾಲ ನಮೂದಾಗಿಲ್ಲ. ಗೋವಾ ವಿಮೋಚನೆಯ ಹೋರಾಟದಲ್ಲಿ ಭಾಗವಹಿಸಿ, ಮುಂಬಯಿಗೆ ಬಂದು ಕಾರ್ಮಿಕ ಸಂಘದಲ್ಲಿ ದುಡಿದ ಪ್ರೇಮಾತಾಯಿ ಪುರವ ಅವರು 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಲವನ್ನು ಕಟ್ಟಿ, ಈ ಹೆಂಗಸರಿಗೆ ರಾಷ್ಟ್ರೀಕೃತ ಬ್ಯಾಂಕಿನಿಂದ ಸಾಲ ದೊರಕಿಸಿದರು. ಕೆಂಪು ಬಾವುಟದ ಸಂಘಟನೆಯಲ್ಲಿ ಪಳಗಿದ ಕೈ ಒಲೆಯ ಕಡೆಗೆ ತಿರುಗಿದುದರ ಫಲವಿದು.

ಲಾಲಬಾಗದಿಂದ ಉತ್ತರಕ್ಕೆ ನಡೆದರೆ ಪರೆಳ. ಇಲ್ಲಿನ ಸುಪಾರಿಬಾಗದಲ್ಲಿ 1884ರ ಸೆಪ್ಟೆಂಬರಿನಲ್ಲಿ ನಾರಾಯಣ ಮೇಘಾಜಿ ಲೋಖಂಡೆಯವರು ಗಿರಣಿ ಕೆಲಸಗಾರರ ಸಭೆ ಕೂಡಿಸಿದರು. ಲೋಖಂಡೆಯವರು ಜ್ಯೋತಿಬಾ ಫುಲೆಯವರ ಸತ್ಯಶೋಧಕ ಸಮಾಜಕ್ಕೆ ಸೇರಿದವರು. ‘ದೀನಬಂಧು’ ಪತ್ರಿಕೆಯ ಸಂಪಾದಕರು. ವಾರಕ್ಕೊಂದು ರಜೆ, ಮಧ್ಯಾಹ್ನ ಅರ್ಧ ಗಂಟೆಯ ಬಿಡುವು, ಗಾಯಗೊಂಡವರಿಗೆ ಪರಿಹಾರ ಎಂಬ ಬೇಡಿಕೆಗಳು ಆ ಸಭೆಯಲ್ಲಿ ರೂಪುಗೊಂಡುವು. 1890ರ ಜೂನ್ 10ರಂದು ಗಿರಣಿ ಮಾಲೀಕರು ಭಾನುವಾರದ ರಜೆಗೆ ಒಪ್ಪಿಕೊಂಡರು. ಅದೇ 1890ರಲ್ಲಿ ಲೋಖಂಡೆಯವರು ಮುಂಬಯಿಯ ಕ್ಷೌರಿಕರನ್ನು ಕಲೆಹಾಕಿ, ವಿಧವೆಯರ ತಲೆ ಬೋಳಿಸುವ ಕೆಲಸವನ್ನು ಇನ್ನು ಮಾಡುವುದಿಲ್ಲವೆಂದು ಅವರಿಂದ ನಿಶ್ಚಯ ಮಾಡಿಸಿದರು. ಈ ಎರಡನೆಯ ಸಂಗತಿಯನ್ನು ಸಮಾಜಸುಧಾರಣೆಯ ಅಧ್ಯಾಯಕ್ಕೆ, ಮೊದಲನೆಯದನ್ನು ಕಾರ್ಮಿಕರ ಅಧ್ಯಾಯಕ್ಕೆ ಕಳುಹಿಸುವುದು ವಾಡಿಕೆ. ಆದರೆ ದುಡಿಯುವವನು ತನ್ನ ಕೈಯಿಂದ ಏನು ಮಾಡಬೇಕು, ಏನು ಮಾಡಕೂಡದು ಎಂಬುದನ್ನು ತಾನೇ ನಿರ್ಧರಿಸಬೇಕೆಂಬ ವಿಚಾರ ಎರಡರಲ್ಲಿಯೂ ಒಂದೇ.

ಪರೆಳದ ದಾಮೋದರ ಹಾಲ್ ಮುಂದಿನ ನಿಲುಗಡೆ. ನಾರಾಯಣ ಮಲ್ಹಾರ ಜೋಶಿಯವರು 1911ರಲ್ಲಿ ಸ್ಥಾಪಿಸಿದ ಸೋಶಿಯಲ್ ಸರ್ವಿಸ್ ಲೀಗ್ ಎಂಬ ಸಂಸ್ಥೆಗೆ ಸೇರಿದ ಸ್ಥಳವಿದು. ರಾತ್ರಿಶಾಲೆ, ವಾಚನಾಲಯ, ಕೆಲಸಗಾರರ ನಾಟಕ, ಸಹಕಾರ ಸಂಘ—ಸೌಮ್ಯವಾದ ಸೇವಾಕಾರ್ಯಗಳ ಪಟ್ಟಿ ಉದ್ದವಿದೆ. 1924ರ ಮಾರ್ಚ್ 9ರಂದು ಇದೇ ಸಭಾಗೃಹದಲ್ಲಿ ಅಂಬೇಡಕರರು ಕರೆದ ಸಭೆಯಿಂದ ಬಹಿಷ್ಕೃತ ಹಿತಕಾರಿಣೀ ಸಭೆ ಹುಟ್ಟಿತು; ಅದರ ಕಚೇರಿಯೂ ಇಲ್ಲಿಯೇ ಇತ್ತು. ಉದಾರವಾದಿಯಾದ ಜೋಶಿಯವರು ಕಟ್ಟಿದ ಸೂರಿನಡಿ ಅಂಬೇಡಕರರ ಮೊದಲ ಸಂಸ್ಥೆ ಕಣ್ತೆರೆದುದನ್ನು ಗಮನಿಸಬೇಕು. ಕೊಂಕಣದಿಂದ ಬಂದ ಕೆಲಸಗಾರರ ಜನಪದ ನಾಟಕಗಳಿಗೆ ಬಹುಕಾಲ ಆಶ್ರಯವಿತ್ತ ಇಲ್ಲಿನ ರಂಗಮಂದಿರವನ್ನು 2023ರಲ್ಲಿ ಪುನರ್ನಿರ್ಮಾಣಕ್ಕೆಂದು ಮುಚ್ಚಿದಾಗ ಕಲಾವಿದರು ಪ್ರತಿಭಟಿಸಿದರು.

ಅಲ್ಲಿಂದ ಕಾಲು ಗಂಟೆಯ ನಡಿಗೆಯಲ್ಲಿ ಪೋಯಬಾವಡಿಯ ಬಿ.ಐ.ಟಿ. ಚಾಳುಗಳು. 1896ರ ಪ್ಲೇಗಿನ ಬಳಿಕ, 1898ರಲ್ಲಿ ಸ್ಥಾಪಿತವಾದ ಮುಂಬಯಿ ಇಂಪ್ರೂವ್‌ಮೆಂಟ್ ಟ್ರಸ್ಟಿನವರು ಕಟ್ಟಿಸಿದ ಕಟ್ಟಡಗಳಿವು. ಒಂದನೆಯ ಸಂಖ್ಯೆಯ ಚಾಳಿನ ಎರಡನೆಯ ಅಂತಸ್ತಿನಲ್ಲಿ, 50 ಮತ್ತು 51ನೆಯ ಕೋಣೆಗಳಲ್ಲಿ, ಅಂಬೇಡಕರರ ಕುಟುಂಬ 1912ರಿಂದ 1934ರವರೆಗೆ ವಾಸವಾಗಿತ್ತು. ಕೊಲಂಬಿಯ ವಿಶ್ವವಿದ್ಯಾನಿಲಯಕ್ಕೂ ಲಂಡನ್ನಿಗೂ ಹೋಗಿ ಪದವಿಗಳನ್ನು ಗಳಿಸಿದ ಮೇಲೆಯೂ ಅವರು ಮರಳಿದುದು ಈ ಪಡಸಾಲೆಗೇ. 1927ರ ಮಹಾಡದ ಸತ್ಯಾಗ್ರಹ, 1930ರ ದುಂಡು ಮೇಜಿನ ಪರಿಷತ್ತು—ಇವೆಲ್ಲ ಅವರು ಈ ವಿಳಾಸದಲ್ಲಿದ್ದಾಗಿನ ಸಂಗತಿಗಳು. ಗಿರಣಿಯ ಕೆಲಸಗಾರನ ಬದುಕನ್ನು ಅವರು ವರದಿಗಳಿಂದ ತಿಳಿದವರಲ್ಲ, ಗೋಡೆಯಾಚೆಯಿಂದ ಕೇಳಿ ತಿಳಿದವರು.

ಇಲ್ಲಿ ತುಸು ಹೆಚ್ಚು ಹೊತ್ತು ನಿಲ್ಲಬೇಕು. ಏಕೆಂದರೆ ಗಿರಣಗಾಂವದ ಒಳಗಿನ ಗೋಡೆ ಇಲ್ಲಿಂದಲೇ ಸ್ಪಷ್ಟವಾಗಿ ಕಾಣುವುದು. 1928ರ ಏಪ್ರಿಲಿನಿಂದ ಅಕ್ಟೋಬರಿನವರೆಗೆ ಸುಮಾರು ಒಂದೂವರೆ ಲಕ್ಷ ಕೆಲಸಗಾರರು ಮುಷ್ಕರ ಹೂಡಿದ್ದರು. ಆ ಮುಷ್ಕರದ ನಡುವೆ ಗಿರಣಿ ಕಾಮಗಾರ ಯೂನಿಯನ್ ಎಂಬ ಕೆಂಪು ಬಾವುಟದ ಸಂಘ ಸ್ಥಾಪಿತವಾಯಿತು. ಡಾಂಗೆ, ಮಿರಜಕರ, ನಿಂಬಕರ, ಜೋಗಳೇಕರ ಮೊದಲಾದವರು ಮುಂದಾಳುಗಳು. ಗಿರಣಿಯಲ್ಲಿ ನೂಲುವ ಖಾತೆಗಿಂತ ನೇಯುವ ಖಾತೆಯಲ್ಲಿ ಸಂಬಳ ಹೆಚ್ಚು. ಆ ಖಾತೆಗೆ ಅಸ್ಪೃಶ್ಯರೆನಿಸಿದವರನ್ನು ಸೇರಿಸುತ್ತಿರಲಿಲ್ಲ. ಕಾರಣ ಲಾಳಿಯಲ್ಲಿದೆ. ಲಾಳಿಯೊಳಗಿನ ಕಂಡಿಕೆಯ ನೂಲು ತೀರಿ ಹೊಸ ಕಂಡಿಕೆ ಹಾಕುವಾಗ, ಲಾಳಿಯ ಕಣ್ಣಿಗೆ ಬಾಯಿ ಹಚ್ಚಿ ಎಳೆಯ ತುದಿಯನ್ನು ಉಸಿರಿನಿಂದ ಹೀರಿ ತೆಗೆಯಬೇಕಾಗುತ್ತಿತ್ತು. ಒಬ್ಬರ ಬಾಯಿ ಸೋಂಕಿದ ಲಾಳಿಗೆ ಇನ್ನೊಬ್ಬರು ಬಾಯಿ ಹಚ್ಚಬೇಕು. ಸವರ್ಣ ನೇಕಾರರು ಇದಕ್ಕೆ ಒಪ್ಪಲಿಲ್ಲ. ಮಾಲೀಕನ ವಿರುದ್ಧ ಹೆಗಲಿಗೆ ಹೆಗಲು ಕೊಟ್ಟು ನಿಂತವರೇ ಮಗ್ಗದ ಮುಂದೆ ಬೇರೆಯಾದರು. ನೇಯ್ಗೆಯ ಖಾತೆಯನ್ನು ತೆರೆಯುವ ಬೇಡಿಕೆಯನ್ನೂ ಮುಷ್ಕರದ ಬೇಡಿಕೆಗಳೊಡನೆ ಸೇರಿಸಬೇಕೆಂದು ಅಂಬೇಡಕರರು ಒತ್ತಾಯಿಸಿದರು. ಮುಂದಾಳುಗಳು ಒಲ್ಲದ ಮನಸ್ಸಿನಿಂದ ಒಪ್ಪಿದರು. 1929ರ ಮುಷ್ಕರವನ್ನು ಅವರು ಬಹಿರಂಗವಾಗಿಯೇ ವಿರೋಧಿಸಿದರು.

ಆರೋಗ್ಯದ ದೃಷ್ಟಿಯಿಂದಲೂ ಅನಿಷ್ಟವಾದ ಒಂದು ಯಾಂತ್ರಿಕ ಪದ್ಧತಿ ಜಾತಿಯ ಕಾವಲುಗಾರನಾಗಿ ನಿಂತುದು ವಿಚಾರಯೋಗ್ಯವಾಗಿದೆ. ಕಾರಖಾನೆಯ ಯಂತ್ರಗಳು ಜಾತಿಯನ್ನು ತಾವಾಗಿಯೇ ಅಳಿಸಿಹಾಕುವುವೆಂದು ಅನೇಕರು ನಿರೀಕ್ಷಿಸಿದ್ದ ಕಾಲವದು. ವರ್ಗವೋ ವರ್ಣವೋ ಎಂಬ ನಮ್ಮ ವಿಚಾರಗೋಷ್ಠಿಗಳ ಪ್ರಶ್ನೆ ಈ ಬೀದಿಯ ಜನರಿಗೆ ಲಾಳಿಯ ರೂಪದಲ್ಲಿ ಎದುರಾಗಿತ್ತು.

ಈ ಕಥೆಗೆ ಇನ್ನೊಂದು ಮುಖವಿದೆ. ಅದಕ್ಕಾಗಿ ಪರೆಳದ ಕಾಮಗಾರ ಮೈದಾನಕ್ಕೆ ಹೋಗಬೇಕು. 1936ರಲ್ಲಿ ಅಂಬೇಡಕರರು ಸ್ವತಂತ್ರ ಮಜೂರ ಪಕ್ಷವನ್ನು ಕಟ್ಟಿದ್ದರು. ಮುಷ್ಕರದ ಹಕ್ಕನ್ನು ಬಿಗಿಗೊಳಿಸುವ ಔದ್ಯೋಗಿಕ ವಿವಾದಗಳ ಮಸೂದೆಯನ್ನು ಮುಂಬಯಿಯ ಕಾಂಗ್ರೆಸ್ ಸರಕಾರ ತಂದಾಗ, 1938ರ ನವೆಂಬರ್ 7ರಂದು ಈ ಪಕ್ಷದವರೂ ಕಮ್ಯೂನಿಸ್ಟರೂ ಸೇರಿ ಒಂದು ದಿನದ ಮುಷ್ಕರ ನಡೆಸಿದರು. ಆ ಸಂಜೆ ಕಾಮಗಾರ ಮೈದಾನದಲ್ಲಿ ನೆರೆದ ಬೃಹತ್ ಸಭೆಯಲ್ಲಿ ಅಂಬೇಡಕರರೂ ಡಾಂಗೆಯವರೂ ಒಂದೇ ವೇದಿಕೆಯಲ್ಲಿದ್ದರು. ಲಾಳಿಯ ಜಗಳವಾಡಿದವರು ಹತ್ತು ವರ್ಷಗಳಲ್ಲಿ ಒಂದೇ ಮೈದಾನಕ್ಕೆ ಬಂದರು, ಬಂದು ಮತ್ತೆ ಅಗಲಿದರು. ಆ ಕೂಟ ಏಕೆ ಬಾಳಲಿಲ್ಲವೆಂಬುದು ಈ ಲೇಖನದ ಮೇರೆಯನ್ನು ಮೀರಿದ ವಿಷಯ.

ಇದೇ ಮೈದಾನಗಳಿಂದ 1955ರ ನವೆಂಬರಿನಲ್ಲಿ ಮೆರವಣಿಗೆಗಳು ದಕ್ಷಿಣಾಭಿಮುಖವಾಗಿ ಹೊರಟುವು. ಮುಂಬಯಿಯನ್ನು ಮಹಾರಾಷ್ಟ್ರದಿಂದ ಬೇರ್ಪಡಿಸುವ ಯೋಜನೆಯ ವಿರುದ್ಧ ಗಿರಣಿಗಳು ನಿಂತು, ಕೆಲಸಗಾರರು ಆರೇಳು ಕಿಲೋಮೀಟರು ದೂರದ ಫ್ಲೋರಾ ಫೌಂಟನ್ ಕಡೆಗೆ ನಡೆದರು. ನವೆಂಬರ್ 21ರಂದು ಅಲ್ಲಿ ಗೋಳೀಬಾರಾಯಿತು. 1956ರ ಜನವರಿಯಲ್ಲಿ ಮತ್ತೆ ಆಯಿತು. ನೂರಕ್ಕೂ ಹೆಚ್ಚು ಮಂದಿ ಆ ಹೋರಾಟದಲ್ಲಿ ಮಡಿದರು; ಇಂದು ಆ ಸ್ಥಳ ಹುತಾತ್ಮಾ ಚೌಕ. ಶಾಹೀರರಾದ ಅಣ್ಣಾಭಾವು ಸಾಠೆ, ಅಮರ ಶೇಖರು ಕೆಂಪು ಬಾವುಟದ ಕಲಾಪಥಕದಲ್ಲಿ ಪಳಗಿದ ಕಂಠವನ್ನು ಈ ಚಳವಳಿಗೆ ಕೊಟ್ಟರು. ಕಾರ್ಮಿಕನು ಭಾಷಿಕನೂ ಆದುದನ್ನು ಇಲ್ಲಿ ಕಾಣುತ್ತೇವೆ. ಅವನು ಭಾಷಿಕನು ಮಾತ್ರವೇ ಆಗಿ ಉಳಿಯುವ ಅಪಾಯವೂ ಮುಂದೆ ಕಂಡಿತು. 1966ರಲ್ಲಿ ಸ್ಥಾಪಿತವಾದ ಶಿವಸೇನೆ ದಕ್ಷಿಣದಿಂದ ಬಂದವರನ್ನು ಎದುರಾಳಿಗಳೆಂದು ಸಾರಿತು. ಬೆಳಗಾವಿಯ ಗಡಿವಿವಾದದ ಸಂದರ್ಭದಲ್ಲಿ, 1969ರ ಫೆಬ್ರುವರಿಯ ಗಲಭೆಯಲ್ಲಿ, ಉಡುಪಿ ಹೊಟೇಲುಗಳು ಏಟು ತಿಂದುವು. 1970ರ ಜೂನಿನಲ್ಲಿ ಪರೆಳದ ಕಮ್ಯೂನಿಸ್ಟ್ ಶಾಸಕ ಕೃಷ್ಣಾ ದೇಸಾಯಿಯವರ ಕೊಲೆಯಾಯಿತು. ತೆರವಾದ ಸ್ಥಾನಕ್ಕೆ ನಡೆದ ಚುನಾವಣೆಯಲ್ಲಿ ಅವರ ಪತ್ನಿಯವರನ್ನು ಸೋಲಿಸಿ ವಾಮನರಾವ ಮಹಾಡಿಕರು ಶಿವಸೇನೆಯ ಮೊದಲ ಶಾಸಕರಾದರು.

ಕನ್ನಡ ಕರಾವಳಿಯವರು ಈ ನಗರದ ಕಾರ್ಮಿಕ ಚರಿತ್ರೆಯಲ್ಲಿ ಹೊಟೇಲಿನ ಗಲ್ಲೆಯ ಹಿಂದೆ ಮಾತ್ರ ಇದ್ದರೆಂದು ಭಾವಿಸಬಾರದು. ಬಂದರಿನ ಕೆಲಸಗಾರರನ್ನು ಸಂಘಟಿಸಿದ ಪ್ಲಾಸಿಡ್ ಡಿಮೆಲ್ಲೊ ಅವರು ಮಂಗಳೂರು ಸೀಮೆಯವರು. ಬಂದರಿನ ಉದ್ದಕ್ಕೂ ಹಾದುಹೋಗುವ ರಸ್ತೆಗೆ ಅವರ ಹೆಸರಿದೆ. ಅವರ ಕೈಕೆಳಗೆ ಪಾಠ ಕಲಿತ ಮಂಗಳೂರಿನ ಜಾರ್ಜ್ ಫರ್ನಾಂಡಿಸರು 1967ರಲ್ಲಿ ದಕ್ಷಿಣ ಮುಂಬಯಿಯಿಂದ ಸ. ಕಾ. ಪಾಟೀಲರನ್ನು ಸೋಲಿಸಿ ಲೋಕಸಭೆಗೆ ಹೋದರು.

ಸಮಯವಿದ್ದವರು ಪರೆಳದಿಂದ ರೈಲುಹಳಿಯನ್ನು ದಾಟಿ ಪಶ್ಚಿಮಕ್ಕೂ ಹೋಗಬೇಕು. ಹಳಿಯ ಪಕ್ಕದಲ್ಲಿ ಗಿರಣಿಗಳ ಸಾಲಿನ ಮುಂದೆ ಹಾದುಹೋಗುವ ಹೆದ್ದಾರಿಗೆ ಸೇನಾಪತಿ ಬಾಪಟ ಮಾರ್ಗವೆಂದು ಹೆಸರು. ಪಾಂಡುರಂಗ ಮಹಾದೇವ ಬಾಪಟರಿಗೆ ‘ಸೇನಾಪತಿ’ ಎಂಬ ಬಿರುದು ಬಂದದ್ದು 1921ರಿಂದ 1924ರವರೆಗಿನ ಮುಳಶಿಯ ಸತ್ಯಾಗ್ರಹದಿಂದ. ಪುಣೆಯ ಬಳಿ ಟಾಟಾ ಕಂಪನಿ ಕಟ್ಟಿದ ಆ ಅಣೆಕಟ್ಟೆಯ ವಿದ್ಯುತ್ತು ಮುಂಬಯಿಗೆ, ಮುಖ್ಯವಾಗಿ ಅದರ ಗಿರಣಿಗಳಿಗೆ, ಉದ್ದೇಶಿತವಾಗಿತ್ತು. ಮುಳುಗಿದ ಹಳ್ಳಿಗಳ ಪರವಾಗಿ ಸೆರೆಮನೆಗೆ ಹೋದವರ ಹೆಸರು ಆ ವಿದ್ಯುತ್ತಿನಿಂದ ನಡೆದ ಗಿರಣಿಗಳ ಬಾಗಿಲಿನಲ್ಲಿ ನಿಂತಿದೆ. ಹೆಸರಿಟ್ಟವರು ಇದನ್ನು ಯೋಚಿಸಿದ್ದರೋ ಇಲ್ಲವೋ, ನಡೆಯುವವರು ಯೋಚಿಸಬೇಕು.

ಈ ರಸ್ತೆಯ ಮೇಲೆಯೇ ಗಿರಣಗಾಂವದ ಅಂತ್ಯವೂ ಕಾಣುತ್ತದೆ. 1982ರ ಜನವರಿ 18ರಂದು ಡಾ. ದತ್ತಾ ಸಾಮಂತರ ನೇತೃತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕೆಲಸಗಾರರು ಕೆಲಸ ನಿಲ್ಲಿಸಿದರು. ವೇತನದ ಜೊತೆಗೆ, 1946ರ ಔದ್ಯೋಗಿಕ ಸಂಬಂಧಗಳ ಕಾಯಿದೆಯನ್ವಯ ಒಂದೇ ಸಂಘಕ್ಕೆ ದೊರೆತಿದ್ದ ಏಕಮಾತ್ರ ಪ್ರಾತಿನಿಧ್ಯವನ್ನು ಮುರಿಯುವುದೂ ಅವರ ಉದ್ದೇಶವಾಗಿತ್ತು. ಆ ಮುಷ್ಕರವನ್ನು ಯಾರೂ ವಿಧಿಪೂರ್ವಕವಾಗಿ ಹಿಂತೆಗೆದುಕೊಳ್ಳಲಿಲ್ಲ, ಅದು ಸವೆದುಹೋಯಿತು. ಗಿರಣಿಗಳು ಒಂದೊಂದಾಗಿ ಮುಚ್ಚಿದುವು. ಉಳಿದದ್ದು ನೆಲ, ಸುಮಾರು 600 ಎಕರೆ. 1991ರ ನಿಯಮದ ಮೇರೆಗೆ ಗಿರಣಿಯ ನೆಲವನ್ನು ಬಿಡಿಸಿದಾಗ ಮೂರರಲ್ಲೊಂದು ಪಾಲು ಸಾರ್ವಜನಿಕ ಬಯಲಿಗೆ, ಇನ್ನೊಂದು ಬಡವರ ವಸತಿಗೆ, ಮತ್ತೊಂದು ಮಾಲೀಕನಿಗೆ ಸಲ್ಲಬೇಕಾಗಿತ್ತು. 2001ರ ತಿದ್ದುಪಡಿಯು ಈ ಹಂಚಿಕೆಯನ್ನು ಕಟ್ಟಡಗಳಿಲ್ಲದ ಖಾಲಿ ನೆಲಕ್ಕೆ ಮಾತ್ರ ಸೀಮಿತಗೊಳಿಸಿದ್ದರಿಂದ ಸಾರ್ವಜನಿಕರ ಪಾಲು ಬಹುವಾಗಿ ಕುಗ್ಗಿತು. 2006ರ ಮಾರ್ಚಿನಲ್ಲಿ ಸುಪ್ರೀಮ್ ಕೋರ್ಟು ಅದನ್ನು ಎತ್ತಿಹಿಡಿಯಿತು. ಒಂದೇ ಒಂದು ಪದದ ಅರ್ಥವನ್ನು ಬದಲಿಸಿ ಒಂದು ನಗರದ ನಡುವಿನ ನೆಲವನ್ನು ಕೈಬದಲಿಸಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಕ್ಕುವುದು ಕಷ್ಟ. ಫೀನಿಕ್ಸ್ ಗಿರಣಿಯ ಸ್ಥಳದಲ್ಲಿ ಈಗ ವೈಭವದ ಅಂಗಡಿಗಳಿವೆ. ಹಳೆಯ ಹೊಗೆಗೊಳವೆಯೊಂದನ್ನು ಅಲಂಕಾರಕ್ಕೆಂಬಂತೆ ಉಳಿಸಿದ್ದಾರೆ. ಕೆಲಸ ಕಳೆದುಕೊಂಡವರು ಮನೆಗಾಗಿ ಹೋರಾಡಿದ ಫಲವಾಗಿ 2012ರಲ್ಲಿ ಚೀಟಿ ಎತ್ತಿ ಮನೆಗಳನ್ನು ಹಂಚುವ ಕಾರ್ಯ ಆರಂಭವಾಯಿತು. ಅರ್ಜಿಗಳು ಲಕ್ಷವನ್ನು ಮೀರಿದ್ದುವು.

ವರಳಿಗೆ ಇನ್ನೊಂದು ದಿನವನ್ನೇ ಮೀಸಲಿಡುವುದು ಒಳ್ಳೆಯದು. 1920ರಲ್ಲಿ ಆರಂಭವಾದ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟಿನ ಚಾಳುಗಳು ವರಳಿ, ನಾಯಗಾಂವ, ಡಿಲೈಲ್ ರಸ್ತೆ, ಶಿವಡಿಗಳಲ್ಲಿ ಒಟ್ಟು 207. ಇವುಗಳಲ್ಲಿ 121 ವರಳಿಯಲ್ಲಿಯೇ ಇದ್ದುವು. ಒಂದೊಂದು ಕಟ್ಟಡದಲ್ಲಿ 80 ಕೋಣೆ. ಒಂದೊಂದು ಕೋಣೆ 160 ಚದರ ಅಡಿ. 1972ರಲ್ಲಿ ನಾಮದೇವ ಢಸಾಳ, ರಾಜಾ ಢಾಲೆ, ಜ. ವಿ. ಪವಾರ ಮೊದಲಾದ ತರುಣ ಬರಹಗಾರರು ಕಟ್ಟಿದ ದಲಿತ ಪ್ಯಾಂಥರ್ಸ್ ಸಂಘಟನೆ 1974ರ ಜನವರಿ 5ರಂದು ಇಲ್ಲಿ ಸಭೆ ನಡೆಸಿದಾಗ ಕಲ್ಲೆಸೆತದಿಂದ ಗಲಭೆ ಎದ್ದಿತು. ಐದು ದಿನಗಳ ಬಳಿಕ ಪರೆಳದಲ್ಲಿ ಮೆರವಣಿಗೆಯ ಮೇಲೆ ಮಹಡಿಯಿಂದ ಬಿದ್ದ ಬೀಸುವ ಕಲ್ಲಿಗೆ ಭಾಗವತ ಜಾಧವರು ಬಲಿಯಾದರು. ದವಸ ಬೀಸುವ ಕಲ್ಲು! ಪಡಸಾಲೆ ಜನರನ್ನು ಕೂಡಿಸಿತೆಂದು ಮೇಲೆ ಹೇಳಿದೆವು. ಆ ಮಾತಿನ ಪಕ್ಕದಲ್ಲಿ ಈ ಸಂಗತಿಯನ್ನೂ ಇಟ್ಟುಕೊಂಡೇ ಓದಬೇಕು. ವರಳಿಯ ಚಾಳುಗಳನ್ನು ಕೆಡವಿ ಎತ್ತರದ ಮನೆಗಳನ್ನು ಕಟ್ಟಲಾಗುತ್ತಿದ್ದು, ಮೊದಲ ಕಂತಿನ ನಿವಾಸಿಗಳಿಗೆ 2025ರ ಆಗಸ್ಟಿನಲ್ಲಿ ಬೀಗದ ಕೈ ದೊರೆಯಿತು. ಅರವತ್ತರ ವೃದ್ಧರಿಗೆ ನೀರು ಕಟ್ಟಿಟ್ಟುಕೊಳ್ಳುವ ಕಷ್ಟ ತಪ್ಪುವುದಾದರೆ ಆ ಕಟ್ಟಡಗಳಿಗಾಗಿ ಹೊರಗಿನವರು ಕಣ್ಣೀರಿಡುವುದು ತರವಲ್ಲ. ಅಳತೆ, ಚಿತ್ರ, ನಿವಾಸಿಗಳ ಮೌಖಿಕ ಹೇಳಿಕೆ ಇವುಗಳನ್ನು ಮಾತ್ರ ಕೂಡಲೇ ಸಂಗ್ರಹಿಸಬೇಕು. ನೀರಾ ಆಡಾರಕರ, ಮೀನಾ ಮೆನನ್ ಅವರು ಗಿರಣಿ ಕೆಲಸಗಾರರ ಬಾಯಿಮಾತಿನಿಂದ ಸಂಕಲಿಸಿ 2004ರಲ್ಲಿ ಪ್ರಕಟಿಸಿದ ಇತಿಹಾಸ ಇಂಥ ಕೆಲಸಕ್ಕೆ ಮಾದರಿಯಾಗಿದೆ.

ಪರೆಳದ ದಾರಿಗೇ ಮರಳಿ ನಾಯಗಾಂವವನ್ನು ಹಾದು ದಾದರದ ಹಿಂದೂ ಕಾಲನಿಗೆ ಬಂದರೆ ಅಂಬೇಡಕರರ ‘ರಾಜಗೃಹ’. ಎರಡು ಕೋಣೆಗಳಿಂದ ಹೊರಟ ಕುಟುಂಬ ಬಂದು ಸೇರಿದ ಈ ಮನೆಯನ್ನು ಕಟ್ಟಿಸಿದುದು ಪುಸ್ತಕಗಳಿಗಾಗಿ ಎಂದರೆ ಅತಿಶಯವಲ್ಲ. ಅಲ್ಲಿಂದ ದಾದರದ ರೈಲುಹಳಿಗಳನ್ನು ಸೇತುವೆಯ ಮೇಲೆ ದಾಟಿ, ಶಿವಾಜಿ ಪಾರ್ಕಿನ ಪಕ್ಕದಿಂದ ಸಮುದ್ರತೀರಕ್ಕೆ ಹೋದರೆ ಚೈತ್ಯಭೂಮಿ. 1956ರ ಡಿಸೆಂಬರ್ 7ರಂದು ಅವರ ಅಂತ್ಯಸಂಸ್ಕಾರ ನಡೆದ ಸ್ಥಳವಿದು. ಸ್ತೂಪವು 1971ರಲ್ಲಿ ಉದ್ಘಾಟಿತವಾಯಿತು. ಇದರ ಸಮೀಪದಲ್ಲಿಯೇ ಇಂಡಿಯಾ ಯುನೈಟೆಡ್ ಸಮೂಹದ ಆರನೆಯ ಗಿರಣಿ ಇತ್ತು. ಜನರ ಬಾಯಲ್ಲಿ ಇಂದೂ ಮಿಲ್. ಮುಚ್ಚಿದ ಆ ಗಿರಣಿಯ ಸುಮಾರು 12 ಎಕರೆ ನೆಲವನ್ನು ಅಂಬೇಡಕರರ ಸ್ಮಾರಕಕ್ಕೆ ಕೊಡಬೇಕೆಂದು 2011ರ ಡಿಸೆಂಬರ್ 6ರಂದು ಕಾರ್ಯಕರ್ತರು ಒಳನುಗ್ಗಿ ಕುಳಿತರು. ಸರಕಾರ ಒಪ್ಪಿತು, 2015ರ ಅಕ್ಟೋಬರಿನಲ್ಲಿ ಶಂಕುಸ್ಥಾಪನೆಯಾಯಿತು. ಗಿರಣಗಾಂವದ ಉಳಿದ ನೆಲವೆಲ್ಲ ಹೋದ ದಾರಿಗೆ ಹೋಗದೆ ಉಳಿದ ತುಂಡು ಇದು. ಪ್ರತಿ ವರ್ಷ ಡಿಸೆಂಬರ್ 6ರಂದು ಲಕ್ಷಗಟ್ಟಲೆ ಜನ, ನಮ್ಮ ನಾಡಿನವರೂ ಸೇರಿ, ಇಲ್ಲಿಗೆ ಬರುತ್ತಾರೆ. ಆ ದಿನ ಶಿವಾಜಿ ಪಾರ್ಕಿನಲ್ಲಿ ಪುಸ್ತಕದ ಅಂಗಡಿಗಳು ಸಾಲುಸಾಲಾಗಿ ಏಳುತ್ತವೆ. ರೈಲಿನ ಸಾಮಾನ್ಯ ಡಬ್ಬಿಯಲ್ಲಿ ಬಂದವರು ಊರಿಗೆ ಮರಳುವಾಗ ಕೈಚೀಲದಲ್ಲಿ ಪುಸ್ತಕಗಳನ್ನು ಒಯ್ಯುತ್ತಾರೆ.